ರಿಡಕ್ಸ್ ಟೂಲ್‌ಕಿಟ್ಟೋ, ಜುಸ್ಟಾಂಡೋ?
ವಿಜಯಪುರದ ಒಬ್ಬ ಒಣದ್ರಾಕ್ಷಿ ವ್ಯಾಪಾರಿಗೆ ರಿಯಾಕ್ಟ್ (ಪರದೆ ಕಟ್ಟುವ ಲೈಬ್ರರಿ), ಟೈಪ್‌ಸ್ಕ್ರಿಪ್ಟ್‌ನಲ್ಲಿ (ಯಾವ ಡೇಟಾ ಯಾವ ಬಗೆಯದು, ಅಂದರೆ ಟೈಪ್, ಹೇಳಿ ಬರೆಯುವ ಜಾವಾಸ್ಕ್ರಿಪ್ಟ್) ವೆಬ್ ಆ್ಯಪ್ ಮಾಡುತ್ತಿದ್ದೇನೆ. ಯಾವ ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ಬಾಕ್ಸ್, ಇವತ್ತಿನ ದರ ಏನು, ಯಾರು ಲಾಗಿನ್ ಆಗಿದ್ದಾರೆ, ಇದೆಲ್ಲ ಸ್ಟೇಟ್, ಅಂದರೆ ಆ್ಯಪ್ ನೆನಪಿಡಬೇಕಾದ ಮಾಹಿತಿ. ಎಲ್ಲಿಡೋದು? ರಿಡಕ್ಸ್ ಟೂಲ್‌ಕಿಟ್, ಜುಸ್ಟಾಂಡ್ ಎರಡೂ ಇದಕ್ಕಿರುವ ಲೈಬ್ರರಿಗಳು.

ಭಾಷೆ, ಥೀಮ್ ಮಾತ್ರ ಇದ್ದರೆ ರಿಯಾಕ್ಟ್‌ನಲ್ಲೇ ಇರುವ ಕಾಂಟೆಕ್ಸ್ಟ್ ಸಾಕು. ದರಕ್ಕೆ ಬೇಡ. ವ್ಯಾಲ್ಯೂ ಬದಲಾದಾಗಲೆಲ್ಲ ಅದನ್ನು ಓದುವ ಎಲ್ಲ ಕಾಂಪೊನೆಂಟ್‌ಗಳೂ (ಪರದೆಯ ತುಣುಕುಗಳೂ) ಮತ್ತೆ ರೆಂಡರ್ ಆಗುತ್ತವೆ, ಅಂದರೆ ಹೊಸದಾಗಿ ಲೆಕ್ಕಹಾಕಲ್ಪಡುತ್ತವೆ.

ರಿಡಕ್ಸ್ 2015ರದ್ದು. ಆಗ ಟೈಪ್ ಬರೆಯೋದೇ ದೊಡ್ಡ ಕೆಲಸ. ಈಗಿನ ಟೂಲ್‌ಕಿಟ್‌ನಲ್ಲಿ ಕ್ರಿಯೇಟ್‌ಸ್ಲೈಸ್ ಅನ್ನೋ ಫಂಕ್ಷನ್ ಬಳಸಿ ಬರೆದರೆ ಆ್ಯಕ್ಷನ್ (ಸ್ಟೇಟ್ ಬದಲಿಸುವ ಸೂಚನೆ) ಟೈಪ್‌ಗಳು ತಾವೇ ಸಿಗುತ್ತವೆ. ಅದರ ಜೊತೆ ಹೋಗುವ ಡೇಟಾ, ಅಂದರೆ ಪೇಲೋಡ್, ಯಾವ ಟೈಪ್ ಅನ್ನೋದನ್ನು ಮಾತ್ರ ನಾವು ಹೇಳಬೇಕು. ಒಳಗೆ ಇಮ್ಮರ್ ಅನ್ನೋ ಲೈಬ್ರರಿ ಇದೆ, ಹಾಗಾಗಿ ಸ್ಟೇಟನ್ನು ನೇರವಾಗಿ ತಿದ್ದಿದಂತೆ ಬರೆಯಬಹುದು. ನನಗೆ ಜಾಸ್ತಿ ಇಷ್ಟವಾಗಿದ್ದು ಡೆವ್‌ಟೂಲ್ಸ್ ಅನ್ನೋ ತಪಾಸಣೆ ಸಾಧನ. 40 ಬಾಕ್ಸ್ ಇದ್ದದ್ದು 4 ಆಯಿತು ಅಂದರೆ, ಯಾವ ಆ್ಯಕ್ಷನ್‌ನಿಂದ ಆಯಿತು ಅಂತ ಸಾಲಾಗಿ ಕಾಣುತ್ತದೆ. ಲೆಕ್ಕದ ಆ್ಯಪ್‌ಗೆ ಇದು ಬೇಕೇ ಬೇಕು, ಅಲ್ವಾ?

ಜುಸ್ಟಾಂಡ್ ಚಿಕ್ಕದು. ಜರ್ಮನ್‌ನಲ್ಲಿ ಆ ಪದಕ್ಕೆ ‘ಸ್ಥಿತಿ’ ಅಂತಲೇ ಅರ್ಥ. ಆ್ಯಪ್‌ಗೆ ಪ್ರೊವೈಡರ್ ಅನ್ನೋ ಹೊದಿಕೆ ಸುತ್ತುವ ಗೋಜಿಲ್ಲ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಕ್ರಿಯೇಟ್ ಅನ್ನೋ ಫಂಕ್ಷನ್ ಹೆಸರಾದ ಮೇಲೆ ಸ್ಟೋರ್‌ನ (ಸ್ಟೇಟ್ ಇಡುವ ಜಾಗದ) ಟೈಪ್, ನಂತರ ಒಂದು ಖಾಲಿ ಬ್ರಾಕೆಟ್ ಜೋಡಿ ಬರುತ್ತದೆ. ಸುಮ್ನೆ ಇದೆ ಅಂತ ನಾನು ಅದನ್ನು ಅಳಿಸಿ ಅರ್ಧ ದಿನ ಕಳೆದೆ! ಸ್ಟೋರ್‌ನ ಯಾವ ಭಾಗ ಬೇಕು ಅಂತ ಹೇಳುವ ಸೆಲೆಕ್ಟರ್ ಕೊಡೋದನ್ನೂ ಮರೆಯಬೇಡಿ. ಇಲ್ಲವಾದರೆ ಸ್ಟೋರ್‌ನಲ್ಲಿ ಏನು ಬದಲಾದರೂ ಆ ಕಾಂಪೊನೆಂಟ್ ಮತ್ತೆ ರೆಂಡರ್ ಆಗುತ್ತದೆ.

ಒಬ್ಬರೇ ಬರೆಯುವ ಸಣ್ಣ ಆ್ಯಪ್ ಆಗಿದ್ದರೆ ಜುಸ್ಟಾಂಡ್ ಹಿಡಿಯಿರಿ. ನಮ್ಮಲ್ಲಿ ಮೂವರಿದ್ದೇವೆ, ಸ್ಟಾಕ್ ಲೆಕ್ಕ ಬೇರೆ. ಹಾಗಾಗಿ ಟೂಲ್‌ಕಿಟ್ ಹಾಕಿದೆವು.