ಹತ್ತಕ್ಕೆ ಎಂಟು ಕೊಟ್ಟ ತಪ್ಪಿಗೆ

ಕಳೆದ ವರ್ಷ ಬೈಕನ್ನು ಸರ್ವಿಸಿಗೆ ಬಿಟ್ಟು ತಂದ ಮೂರನೆಯ ದಿನ ಕಂಪನಿಯ ಕಾಲ್ ಸೆಂಟರಿನಿಂದ ಫೋನು ಬಂತು. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ ಎಂದು ಕೇಳಿದ ಹುಡುಗಿಗೆ ಹೆಚ್ಚು ಯೋಚಿಸದೆ ಎಂಟು ಎಂದೆ. ಹ್ಯಾಂಡಲ್ ನೇರವಾಗಿ ನಿಲ್ಲುವ ಜಾಗದಲ್ಲಿ ಏನೋ ಹಿಡಿದುಕೊಂಡಂತಾಗುತ್ತದೆ ಎಂಬ ನನ್ನ ದೂರು ಹಾಗೆಯೇ ಉಳಿದಿತ್ತು; ಮಿಕ್ಕ ಕೆಲಸವೆಲ್ಲ ಚೆನ್ನಾಗಿಯೇ ಆಗಿತ್ತು. ಆ ಲೆಕ್ಕಕ್ಕೆ ಎಂಟು ಉದಾರವಾದ ಅಂಕವೆಂದೇ ನನ್ನ ಎಣಿಕೆ. ಸಂಜೆಯ ಹೊತ್ತಿಗೆ ಸರ್ವಿಸ್ ಅಡ್ವೈಸರ್ ಸ್ವತಃ ಕರೆ ಮಾಡಿದರು. “ಸಾರ್, ನಮ್ಮಿಂದ ಏನು ತಪ್ಪಾಯಿತು? ಎಂಟು ಕೊಟ್ಟುಬಿಟ್ಟಿದ್ದೀರಲ್ಲ. ಇನ್ನೊಂದು ಸಲ ಕಾಲ್ ಬಂದರೆ ದಯವಿಟ್ಟು ಹತ್ತು ಅಂತ ಹೇಳಿ ಸಾರ್, ಈ ತಿಂಗಳ ಇನ್ಸೆಂಟಿವ್ ಹೋಗುತ್ತೆ.” ನೂರಕ್ಕೆ ಎಂಬತ್ತು ಬಂದರೆ ಬೀದಿಗೆಲ್ಲ ಪೇಡ ಹಂಚುತ್ತಿದ್ದ ಮನೆಯಲ್ಲಿ ಬೆಳೆದ ನನಗೆ, ಎಂಟು ಎಂಬುದು ನಾಪಾಸು ಎಂದು ಅಂದೇ ತಿಳಿದದ್ದು. ಹ್ಯಾಂಡಲ್ಲಿನ ವಿಷಯವನ್ನು ಮಾತ್ರ ಅವರು ಕೇಳಲಿಲ್ಲ.

ಈ ಅಂಕದ ಹಿಂದಿರುವ ಲೆಕ್ಕ ಬಹುಪಾಲು ಮಾಲೀಕರಿಗೆ ಗೊತ್ತಿರುವುದಿಲ್ಲ. ಫ್ರೆಡ್ ರೈಕ್‌ಹೆಲ್ಡ್ ಎಂಬವರು 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿದ ನೆಟ್ ಪ್ರಮೋಟರ್ ಸ್ಕೋರ್ ಎಂಬ ಪದ್ಧತಿಯಲ್ಲಿ, ಇದನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುವಿರಾ ಎಂಬ ಒಂದೇ ಪ್ರಶ್ನೆಗೆ ಸೊನ್ನೆಯಿಂದ ಹತ್ತರವರೆಗೆ ಉತ್ತರ ಪಡೆಯುತ್ತಾರೆ. ಒಂಬತ್ತು, ಹತ್ತು ಕೊಟ್ಟವರು ಹೊಗಳುವವರು; ಸೊನ್ನೆಯಿಂದ ಆರರವರೆಗೆ ಕೊಟ್ಟವರೆಲ್ಲ ತೆಗಳುವವರು; ಏಳು, ಎಂಟು ಕೊಟ್ಟವರು ಇತ್ತಲೂ ಇಲ್ಲ, ಅತ್ತಲೂ ಇಲ್ಲ. ಹೊಗಳುವವರ ಶೇಕಡಾವಾರಿನಿಂದ ತೆಗಳುವವರ ಶೇಕಡಾವಾರನ್ನು ಕಳೆದರೆ ಉಳಿಯುವುದೇ ಕಂಪನಿಯ ಅಂಕ. ಅಂಕಕ್ಕೆ ಸಂಬಳದ ಗಂಟು ಬಿದ್ದ ಮೇಲೆ, ಬೈಕನ್ನು ಸರಿಪಡಿಸುವುದಕ್ಕಿಂತ ಮಾಲೀಕನನ್ನು ಒಲಿಸುವುದು ಸುಲಭವೆಂದು ಯಾರಿಗೂ ಹೊಳೆಯುತ್ತದೆ. ಈ ಫೋನು ಕರೆಯನ್ನು ಒಂದು ಸಮೀಕ್ಷೆಯೆಂದು ವಿಮರ್ಶಿಸುವುದಾದರೆ, ನಾನು ಅದಕ್ಕೆ ಕೊಡುವ ಅಂಕ ಎರಡು. ಆ ಎರಡೂ ಫೋನು ಹಿಡಿದ ಹುಡುಗಿಯ ತಾಳ್ಮೆಗೆ ಸಲ್ಲಬೇಕಾದವು.

ಹೊಸ ಬೈಕು ಕೊಳ್ಳುವವರು ಮತ್ತು ಈಗಾಗಲೇ ಕೊಂಡು ಪಶ್ಚಾತ್ತಾಪ ಪಡುತ್ತಿರುವವರು ಮತ್ತೆ ಮತ್ತೆ ತೋರಿಸುವ ಇನ್ನೆರಡು ಸಮೀಕ್ಷೆಗಳಿವೆ. ಅವುಗಳಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ 2015ರಲ್ಲಿ ಪ್ರಕಟಿಸಿದ ಮೋಟಾರ್‌ಸೈಕಲ್ ಸಮೀಕ್ಷೆ. 1936ರಲ್ಲಿ ಆರಂಭವಾದ ಈ ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ, ಕಂಪನಿಗಳ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷಿಸುವ ವಸ್ತುವನ್ನು ಅಂಗಡಿಯಿಂದ ದುಡ್ಡು ಕೊಟ್ಟೇ ತರುತ್ತದೆ. 2008ರಿಂದ 2014ರವರೆಗಿನ ಮಾದರಿಗಳ 11,000ಕ್ಕೂ ಹೆಚ್ಚು ಮೋಟಾರ್‌ಸೈಕಲ್ಲುಗಳ ಬಗ್ಗೆ ತನ್ನ ಚಂದಾದಾರರಿಂದಲೇ ಮಾಹಿತಿ ಪಡೆದು, ನಾಲ್ಕು ವರ್ಷ ಹಳೆಯದಾದ, ಸರ್ವಿಸ್ ಒಪ್ಪಂದವಿಲ್ಲದ ಬೈಕೊಂದು ಕೆಡುವ ಸಂಭವವೆಷ್ಟು ಎಂದು ಅದು ಅಂದಾಜು ಮಾಡಿತು. ಯಾರು ಎಷ್ಟು ದೂರ ಓಡಿಸಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿತು.

ಬಂದ ಅಂಕಿಗಳು ಹೀಗಿದ್ದವು. ಯಮಹಾ, ಮತ್ತು ಅದರ ಅಮೆರಿಕದ ಕ್ರೂಸರ್ ಹೆಸರಾದ ಸ್ಟಾರ್, ಶೇ. 11, ಸುಜುಕಿ ಮತ್ತು ಹೋಂಡಾ ತಲಾ ಶೇ. 12, ಕವಾಸಾಕಿ ಶೇ. 15, ವಿಕ್ಟರಿ ಶೇ. 17, ಹಾರ್ಲೆ-ಡೇವಿಡ್‌ಸನ್ ಶೇ. 26; ಟ್ರಯಂಫ್ ಶೇ. 29, ಡುಕಾಟಿ ಶೇ. 33, ಬಿಎಂಡಬ್ಲ್ಯು ಶೇ. 40, ಮೂರು ಗಾಲಿಯ ಸ್ಪೈಡರ್ ತಯಾರಿಸುವ ಕ್ಯಾನ್-ಆ್ಯಮ್ ಶೇ. 42. ಜಪಾನಿನ ನಾಲ್ಕು ಕಂಪನಿಗಳು ಮೇಲೆ ನಿಂತದ್ದು ಯಾರಿಗೂ ಅಚ್ಚರಿ ತರಲಿಲ್ಲ. ಅಚ್ಚರಿಯಿದ್ದದ್ದು ಪಕ್ಕದ ಕಾಲಂನಲ್ಲಿ. ಮತ್ತೆ ಅವಕಾಶ ಸಿಕ್ಕರೆ ಇದೇ ಬೈಕನ್ನು ಖಂಡಿತವಾಗಿ ಕೊಳ್ಳುತ್ತೇವೆ ಎಂದವರ ಪಾಲು ವಿಕ್ಟರಿ ಮಾಲೀಕರಲ್ಲಿ ಶೇ. 80, ಹಾರ್ಲೆ ಮಾಲೀಕರಲ್ಲಿ ಶೇ. 72, ಹೋಂಡಾ ಮಾಲೀಕರಲ್ಲಿ ಶೇ. 70. ಎಲ್ಲಕ್ಕಿಂತ ಕಡಿಮೆ ಕೆಟ್ಟ ಯಮಹಾ ಈ ಮೊದಲ ಮೂವರ ಸಾಲಿನಲ್ಲೇ ಇಲ್ಲ. ಯಮಹಾಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೆಡುವ ಹಾರ್ಲೆ ಎರಡನೆಯ ಸ್ಥಾನದಲ್ಲಿದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಇದನ್ನು ತಳ್ಳಿಹಾಕುವ ಮೊದಲು ಸ್ವಲ್ಪ ನಿಲ್ಲಬೇಕು. ಈ ಎರಡು ಕಾಲಂಗಳಿಗೂ ಉತ್ತರ ಕೊಟ್ಟವರು ಅದೇ ಮಾಲೀಕರು. ಏನು ಕೆಟ್ಟಿತು ಎಂದು ಕೇಳಿದಾಗ ಹಾರ್ಲೆ ಮಾಲೀಕ ಮುಚ್ಚಿಡದೆ ಬರೆದಿದ್ದಾನೆ. ತೃಪ್ತಿಯಿದೆಯೇ ಎಂದು ಕೇಳಿದಾಗಲೂ ಸುಳ್ಳು ಹೇಳಿಲ್ಲ. ಅವನಿಗೆ ಬೇಕಾದದ್ದು ಆ ಕುಳಿತುಕೊಳ್ಳುವ ಭಂಗಿ, ಆ ಸದ್ದು, ಭಾನುವಾರ ಬೆಳಿಗ್ಗೆ ಜೊತೆಗೆ ಹೊರಡುವ ಗುಂಪು. ಅವು ಸಿಗುತ್ತಿರುವಾಗ ಸ್ವಿಚ್ಚೋ ವೈರೋ ಕೈಕೊಟ್ಟದ್ದು ಅವನ ತೃಪ್ತಿಯನ್ನು ಅಲುಗಿಸುವುದಿಲ್ಲ. ಕಚೇರಿಗೆ ಹೋಗಿಬರಲೆಂದೇ ಬೈಕು ಇಟ್ಟುಕೊಂಡವನಾದರೋ ಕೆಡದಿರುವುದನ್ನು ವಾಹನದ ಗುಣವೆಂದು ಎಣಿಸುವುದಿಲ್ಲ, ಅದರ ಕರ್ತವ್ಯವೆಂದೇ ಭಾವಿಸುತ್ತಾನೆ. ಐದು ವರ್ಷ ಒಂದು ದಿನವೂ ನಿಲ್ಲದ ಬೈಕಿನ ಬಗ್ಗೆ ಅವನಿಗೆ ಹೇಳಲು ವಿಶೇಷವೇನೂ ಇರುವುದಿಲ್ಲ. ಆದ್ದರಿಂದ ಈ ಸಮೀಕ್ಷೆಯ ಮೊದಲ ಕಾಲಮ್ಮನ್ನು ಬೈಕಿನ ಬಗೆಗಿನ ಸಾಕ್ಷ್ಯವೆಂದೂ, ಎರಡನೆಯದನ್ನು ಅದನ್ನು ಕೊಂಡವರ ಬಗೆಗಿನ ಸಾಕ್ಷ್ಯವೆಂದೂ ನಾನು ಓದುತ್ತೇನೆ. ಇವೆರಡನ್ನೂ ಬೆರೆಸಿ ಒಂದೇ ನಕ್ಷತ್ರವಾಗಿ ಕೊಡದೆ ಅಕ್ಕಪಕ್ಕದಲ್ಲಿ ಇಟ್ಟದ್ದೇ ಆ ವರದಿಯ ದೊಡ್ಡ ಹಿರಿಮೆ. ಎರಡನೆಯ ಕಾಲಂ ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೆ ವಿಕ್ಟರಿಯೇ ಸಾಕು: ಶೇ. 80ರಷ್ಟು ಮಾಲೀಕರು ಮತ್ತೆ ಕೊಳ್ಳುತ್ತೇವೆ ಎಂದ ಆ ಬ್ರ್ಯಾಂಡನ್ನು ಅದರ ಒಡೆಯ ಪೊಲಾರಿಸ್ ಕಂಪನಿ 2017ರ ಜನವರಿಯಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ತೃಪ್ತರು ಇದ್ದರು, ಅವರ ಸಂಖ್ಯೆ ಸಾಲಲಿಲ್ಲ.

ಬಿಎಂಡಬ್ಲ್ಯು ಮಾಲೀಕರು ತಮ್ಮ ಶೇ. 40ರ ಬಗ್ಗೆ ಎತ್ತುವ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಸಮೀಕ್ಷೆಯಲ್ಲಿ ಹೆಚ್ಚಾಗಿ ಕಂಡುಬಂದ ತೊಂದರೆಗಳು ವಿದ್ಯುತ್ ವ್ಯವಸ್ಥೆ, ದೀಪ-ಮೀಟರು-ಸ್ವಿಚ್ಚುಗಳಂಥ ಬಿಡಿ ಉಪಕರಣಗಳು, ಬ್ರೇಕು ಮತ್ತು ಇಂಧನ ವ್ಯವಸ್ಥೆಗೆ ಸೇರಿದವು. ಬಿಸಿಯಾಗುವ ಹಿಡಿಕೆ, ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಕ್ರೂಸ್ ಕಂಟ್ರೋಲ್ ಎಲ್ಲ ಇರುವ ಬೈಕಿನಲ್ಲಿ ಕೆಡಬಲ್ಲ ವಸ್ತುಗಳೇ ಹೆಚ್ಚು. ಆದರೆ ಆ ವಾದವನ್ನು ಅಲ್ಲಿಗೇ ನಿಲ್ಲಿಸಬೇಕು. ಹೆಚ್ಚು ಬೆಲೆಗೆ ಹೆಚ್ಚು ಸಲಕರಣೆ ಮಾರಿದವರು, ಅವು ಹೆಚ್ಚು ಕೆಡುವುದು ಸಹಜವೆಂದು ಹೇಳಿಕೊಂಡರೆ, ಆ ಸಹಜತೆಗೆ ದುಡ್ಡು ಕಟ್ಟುತ್ತಿರುವವನು ಮಾಲೀಕನೇ ಅಲ್ಲವೇ?

ನಮ್ಮಲ್ಲಿ ಈ ಪಟ್ಟಿಯನ್ನು ಮುಂದಿಟ್ಟುಕೊಂಡು ವಾದಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅಲ್ಲಿ ಲೆಕ್ಕಕ್ಕೆ ಬಂದ ಬಿಎಂಡಬ್ಲ್ಯು ಹೊಸೂರಿನಲ್ಲಿ ಟಿವಿಎಸ್ ತಯಾರಿಸುವ ಜಿ 310 ಅಲ್ಲ; ಟ್ರಯಂಫ್ ಎಂದರೆ ಬಜಾಜ್ 2023ರಿಂದ ತಯಾರಿಸುತ್ತಿರುವ ಸ್ಪೀಡ್ 400 ಅಲ್ಲ. ಪಟ್ಟಿಯ ಹತ್ತು ಹೆಸರುಗಳಲ್ಲಿ ರಾಯಲ್ ಎನ್‌ಫೀಲ್ಡ್ ಆಗಲಿ ಕೆಟಿಎಂ ಆಗಲಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಬಹುಪಾಲು ಜನರಿಗೆ ಬೈಕು ಬಿಡುವಿನ ವೇಳೆಯ ವಾಹನ. ಮೈಸೂರಿನಲ್ಲಿ ಅದೇ ಬೈಕು ಬೆಳಿಗ್ಗೆ ಹಾಲಿನ ಕ್ಯಾನು ಹೊತ್ತು, ಮಧ್ಯಾಹ್ನ ಇಬ್ಬರು ಮಕ್ಕಳನ್ನು ಶಾಲೆಯಿಂದ ತಂದು, ಮಳೆಗಾಲದಲ್ಲಿ ಹಂಪುಗಳ ಮೇಲೆ ಕುಪ್ಪಳಿಸಿ ಬದುಕಬೇಕು. ಇಲ್ಲಿ ಮೊದಲು ಸೋಲುವುದು ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್ ಸೆಟ್, ಚೈನ್ ಸ್ಪ್ರಾಕೆಟ್, ಕ್ಲಚ್ ಪ್ಲೇಟು. ಅಲ್ಲಿನ ಬ್ರ್ಯಾಂಡಿನ ಶೇಕಡಾವಾರು ಇಲ್ಲಿನ ಕೋನ್ ಸೆಟ್ಟಿನ ಆಯುಷ್ಯವನ್ನು ಹೇಳಲಾರದು.

ಭಾರತದ ಮಾಲೀಕರನ್ನೇ ಕೇಳಿ ಮಾಡಿದ ಸಮೀಕ್ಷೆಯೂ ಇದೆ. ಅಮೆರಿಕದ ಜೆ.ಡಿ. ಪವರ್ ಸಂಸ್ಥೆ 2015ರಿಂದ ನಮ್ಮಲ್ಲಿ ದ್ವಿಚಕ್ರ ವಾಹನಗಳ ಆರಂಭಿಕ ಗುಣಮಟ್ಟದ ಅಧ್ಯಯನ ನಡೆಸಿತು. ಕೊಂಡು ಎರಡರಿಂದ ಆರು ತಿಂಗಳಾದ ಮಾಲೀಕರನ್ನು ಕೇಳಿ, ಪ್ರತಿ 100 ವಾಹನಕ್ಕೆ ಎಷ್ಟು ತೊಂದರೆಗಳು ವರದಿಯಾದವು ಎಂದು ಎಣಿಸುವುದು ಅದರ ಕ್ರಮ. ಅಂಕಿ ಕಡಿಮೆಯಾದಷ್ಟೂ ವಾಹನ ಒಳ್ಳೆಯದು. ಎಷ್ಟು ಸಂತೋಷವಾಯಿತು ಎಂದು ಕೇಳದೆ ಏನೇನು ತೊಂದರೆಯಾಯಿತು ಎಂದು ಕೇಳುವುದರಿಂದ ಪ್ರಶ್ನೆ ಸರಿಯಾಗಿಯೇ ಇದೆ. ನನ್ನ ತಕರಾರು ಅದನ್ನು ಕೇಳುವ ಹೊತ್ತಿನ ಬಗ್ಗೆ. ಆರು ತಿಂಗಳ ಬೈಕು ಎಂದರೆ ನಮ್ಮಲ್ಲಿ ಇನ್ನೂ ಉಚಿತ ಸರ್ವಿಸಿನ ಕೂಪನ್ನು ಮುಗಿಯದ, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ, ಮೊದಲ ಆಯುಧಪೂಜೆಯನ್ನು ಕಂಡಿರುತ್ತದೋ ಇಲ್ಲವೋ ಎಂಬಂಥ ಬೈಕು. ಸಾಲದ ಕಂತುಗಳೇ ಮುಕ್ಕಾಲು ಪಾಲು ಉಳಿದಿರುವಾಗ, ತಾನು ಮೋಸಹೋದೆ ಎಂದು ಅಪರಿಚಿತರ ಮುಂದೆ ಒಪ್ಪಿಕೊಳ್ಳುವ ಮನಸ್ಸು ಎಷ್ಟು ಜನರಿಗೆ ಬರುತ್ತದೆ?

ತಮಾಷೆಯೆಂದರೆ, 1968ರಲ್ಲಿ ಸ್ಥಾಪನೆಯಾದ ಇದೇ ಸಂಸ್ಥೆಗೆ ಮೊದಲು ಹೆಸರು ತಂದದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. 1970ರ ದಶಕದ ಆರಂಭದಲ್ಲಿ ಮಾಜ್ದಾ ಕಾರುಗಳ ರೋಟರಿ ಎಂಜಿನ್ನಿನಲ್ಲಿ ಓ-ರಿಂಗ್ ಎಂಬ ಬಳೆಯಾಕಾರದ ಸೀಲು ಕೆಡುತ್ತಿರುವುದನ್ನು ಅದು ಮಾಲೀಕರನ್ನು ಕೇಳಿಯೇ ಪತ್ತೆಹಚ್ಚಿತು. ಆ ದೋಷ ಕಾಣಿಸಿಕೊಳ್ಳುತ್ತಿದ್ದದ್ದು 30,000 ಮೈಲಿ ದಾಟಿದ ಮೇಲೆ. ಆರು ತಿಂಗಳೊಳಗೆ ಕೇಳಿದ್ದರೆ ಆ ಮಾಲೀಕರಲ್ಲಿ ಬಹುತೇಕ ಎಲ್ಲರೂ ತೃಪ್ತರಾಗಿಯೇ ಇರುತ್ತಿದ್ದರು.

ಇಂಥ ಅಧ್ಯಯನದಲ್ಲಿ ಇನ್ನೊಂದು ತೊಡಕಿದೆ. ಭಾಗವೊಂದು ಮುರಿದದ್ದೂ ತೊಂದರೆಯೇ, ಮಾಲೀಕನ ನಿರೀಕ್ಷೆಗೆ ಹೊಂದದ್ದೂ ತೊಂದರೆಯೇ. ಎರಡೂ ಒಂದೇ ಎಣಿಕೆಗೆ ಸೇರುತ್ತವೆ. ಲೀಟರಿಗೆ 70 ಕಿಲೋಮೀಟರ್ ಬರುತ್ತದೆಂದು ಷೋರೂಮಿನಲ್ಲಿ ಹೇಳಿಸಿಕೊಂಡು ಬಂದವನಿಗೆ 55 ಬಂದರೆ ಅದು ದೂರು. 45 ಬರುತ್ತದೆಂದು ತಿಳಿದೇ ಕೊಂಡವನಿಗೆ 45 ಬಂದರೆ ದೂರಿಲ್ಲ. ಹಾಗಾಗಿ ಒಳ್ಳೆಯ ಬೈಕಿಗೆ ಹೆಚ್ಚು ದೂರು ಬೀಳುವುದೂ ಸಾಧ್ಯ. ಜೊತೆಗೆ, ಇಂಥ ಅಧ್ಯಯನದ ವಿವರಗಳನ್ನು ಕೊಳ್ಳುವವರು ಕಂಪನಿಗಳೇ. ಗೆದ್ದವರು ಹಣ ಕೊಟ್ಟು ಆ ಪ್ರಶಸ್ತಿಯ ಹೆಸರನ್ನು ಜಾಹೀರಾತಿನಲ್ಲಿ ಬಳಸುತ್ತಾರೆ. ಇದರಿಂದ ಅಂಕಿಗಳೇ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ವಿಭಾಗ ವಿಭಾಗಕ್ಕೂ ಒಬ್ಬೊಬ್ಬ ವಿಜೇತನಿರುವ ಪಟ್ಟಿಯಲ್ಲಿ ಜಾಹೀರಾತು ನಮಗೆ ತೋರಿಸುವುದು ಗೆದ್ದವನ ಹೆಸರನ್ನು ಮಾತ್ರ. ಎರಡನೆಯವನಿಗೂ ಅವನಿಗೂ ಇದ್ದ ಅಂತರ ಎಷ್ಟು ಸಣ್ಣದೆಂಬುದನ್ನು ಯಾರೂ ಫ್ಲೆಕ್ಸಿನಲ್ಲಿ ಮುದ್ರಿಸುವುದಿಲ್ಲ.

ತೃಪ್ತಿಗೂ ಕೆಡುವುದಕ್ಕೂ ಸಂಬಂಧವೇ ಇಲ್ಲವೆಂಬುದಕ್ಕೆ ಮೈಸೂರಿನವರು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ದಿಗಳನ್ನು ಇಂದಿಗೂ ಇಟ್ಟುಕೊಂಡಿರುವವರನ್ನು ಕೇಳಿ ನೋಡಿ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಪಾಯಿಂಟು ಆಗಾಗ ಸರಿಮಾಡಿಸಬೇಕು, ಸಾಮಾನಿಗಾಗಿ ಊರೂರು ಅಲೆಯಬೇಕು. ಆದರೂ ಹತ್ತಕ್ಕೆ ಎಷ್ಟು ಎಂದರೆ ಹನ್ನೊಂದು ಎನ್ನುತ್ತಾರೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಹಾಕುವ ಸುಖವನ್ನು ಯಾವ ಪ್ರಶ್ನಾವಳಿಯಲ್ಲೂ ಅಳೆಯಲಾಗದು. ನನ್ನ ಚಿಕ್ಕಪ್ಪನ ಯೆಜ್ದಿ ಮನೆಗೆ ತಳ್ಳಿಕೊಂಡು ಬಂದದ್ದೇ ಹೆಚ್ಚು ಎಂದು ನಮ್ಮ ಚಿಕ್ಕಮ್ಮ ಹೇಳುವುದುಂಟು. ಚಿಕ್ಕಪ್ಪ ಅದನ್ನು ಅಲ್ಲಗಳೆಯುವುದೂ ಇಲ್ಲ, ಬೈಕನ್ನು ಮಾರುವುದೂ ಇಲ್ಲ.

ಹಾಗಾದರೆ ಕೊಳ್ಳುವವನು ಏನನ್ನು ನೋಡಬೇಕು? ಕಂಪನಿಗಳು ವಾಪಸು ಕರೆಸಿಕೊಂಡ ವಾಹನಗಳ ಪಟ್ಟಿ ನೋಡಬೇಕೆಂಬುದು ನನ್ನ ಅನುಭವ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷದ ಶಂಕೆಯಿಂದ 2,36,966 ಬೈಕುಗಳನ್ನು ಪರಿಶೀಲನೆಗೆ ಕರೆಸಿಕೊಂಡಿತು. ಅವು ತಯಾರಾಗಿ ಮಾರಾಟವಾದದ್ದು ಅದರ ಹಿಂದಿನ ಕೆಲವೇ ತಿಂಗಳಲ್ಲಿ, ಮತ್ತು ಭಾಗ ಬದಲಿಸಬೇಕಾಗಿ ಬರುವವು ಶೇ. 10ಕ್ಕಿಂತ ಕಡಿಮೆಯೆಂದು ಕಂಪನಿಯೇ ಹೇಳಿತ್ತು. ಯಾವ ಭಾಗ, ಯಾವ ಅವಧಿಯ ಬೈಕು, ಎಷ್ಟು ಬೈಕು ಎಂಬ ಮೂರೂ ಅಲ್ಲಿವೆ. ಇಷ್ಟು ನಿಖರವಾದ ಮಾತನ್ನು ಯಾವ ತೃಪ್ತಿ ಸಮೀಕ್ಷೆಯೂ ನನಗೆ ಹೇಳಿಲ್ಲ. ಕರೆಸಿಕೊಂಡದ್ದೇ ಕಳಪೆತನದ ಗುರುತೆಂದು ನಗುವವರಿದ್ದಾರೆ. ಕರೆಸಿಕೊಳ್ಳದೆ ಸುಮ್ಮನಿರುವವರ ಬೈಕು ಹೊಂದಿದ್ದ ಅನುಭವ ಅವರಿಗಿರಲಿಕ್ಕಿಲ್ಲ. ದೋಷಪೂರಿತ ವಾಹನಗಳನ್ನು ಹಿಂದೆ ಕರೆಸುವಂತೆ ಕೇಂದ್ರ ಸರ್ಕಾರವೇ ಕಡ್ಡಾಯ ಮಾಡಬಲ್ಲ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅಲ್ಲಿಯೂ ಎಣಿಕೆಗೆ ಬರುವುದು ಮಾಲೀಕರು ದಾಖಲಿಸಿದ ದೂರುಗಳೇ. ದೂರನ್ನು ಬಾಯಲ್ಲಿ ಹೇಳಿ ಬರುವುದಕ್ಕೂ ಬರಹದಲ್ಲಿ ಇಡುವುದಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಈ ನಿಯಮಗಳನ್ನು ಓದಿದ ಮೇಲೆಯೇ.

ಮುಂದಿನ ಸರ್ವಿಸಿಗೆ ಹೋದಾಗ ಅದೇ ಅಡ್ವೈಸರ್ ಎದುರಾದರು. ಹಳೆಯ ಎಂಟರ ನೆನಪು ಅವರಿಗಿತ್ತೋ ಇಲ್ಲವೋ, ನಗುಮುಖದಿಂದಲೇ ಕೂರಿಸಿ ಕಾಫಿ ತರಿಸಿದರು. ನಾನು ಜಾಬ್ ಕಾರ್ಡನ್ನು ಕೇಳಿ ಪಡೆದು, “ಹ್ಯಾಂಡಲ್ ನೇರವಿರುವಾಗ ನಡುವೆ ಹಿಡಿಯುತ್ತದೆ, ಇದು ಎರಡನೆಯ ದೂರು” ಎಂದು ನನ್ನ ಕೈಯಾರೆ ಬರೆದು, ಕಿಲೋಮೀಟರ್ ರೀಡಿಂಗ್ ಸೇರಿಸಿ, ಸಹಿ ಹಾಕಿ, ಅದರ ಫೋಟೋ ತೆಗೆದುಕೊಂಡೆ. ಸಂಜೆ ಬೈಕು ಕೈಗೆ ಬರುವಾಗ ಕೋನ್ ಸೆಟ್ ವಾರಂಟಿಯಲ್ಲಿ ಬದಲಾಗಿತ್ತು. ಮೂರನೆಯ ದಿನ ಎಂದಿನಂತೆ ಫೋನು ಬಂತು. ಒಂಬತ್ತು ಎಂದೆ. ಆಮೇಲೆ ಯಾರೂ ಕರೆ ಮಾಡಲಿಲ್ಲ.