ಮಳೆಯ ದಿನ ನ್ಯಾರೊಯ್ ಫ್ಯೋರ್ಡ್: ದೋಣಿಯಾನಕ್ಕೆ ಪೂರ್ಣ ಅಂಕ, ವೀಕ್ಷಣಾ ಕಟ್ಟೆಗೆ ಇಲ್ಲ

ಪಶ್ಚಿಮ ನಾರ್ವೆಗೆ ಹೋಗುವವರು ಮಳೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಅಟ್ಲಾಂಟಿಕ್ ಕಡೆಯಿಂದ ಬೀಸುವ ತೇವದ ಗಾಳಿ ಕರಾವಳಿಯ ಬೆಟ್ಟಗಳಿಗೆ ತಡೆದು ಮೇಲೇರುವುದರಿಂದ ಬರ್ಗನ್ ನಗರದಲ್ಲಿ ವರ್ಷದ 200ಕ್ಕೂ ಹೆಚ್ಚು ದಿನ ಮಳೆ ಬೀಳುತ್ತದೆ. ಹಾಗಿದ್ದರೂ, ಬಹಳ ಮೊದಲೇ ಟಿಕೆಟ್ ಕಾಯ್ದಿರಿಸಿದ ದಿನದಂದೇ ಬೆಳಗಿನಿಂದ ಜಡಿಮಳೆ ಹಿಡಿದುಕೊಂಡರೆ, ಕೊಟ್ಟ ಹಣವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದು ಅನ್ನಿಸುವುದು ಸಹಜ. ವಯಸ್ಸಾದ ಅತ್ತೆಯವರು ಮತ್ತು ಇಬ್ಬರು ಮಕ್ಕಳೊಂದಿಗೆ ಗುಡ್ವಾಂಗನ್‌ನಿಂದ ಫ್ಲೋಮ್‌ಗೆ ಹೋಗುವ ದೋಣಿಯನ್ನು ಅಂತಹ ದಿನದಲ್ಲೇ ಹತ್ತಿದ ನಂತರ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಳೆಯ ದಿನ ಖರ್ಚು ಮಾಡುವುದಾದರೆ ನೀರಿನ ಮಟ್ಟದಲ್ಲಿ ಕಾಣುವುದಕ್ಕೆ ಮಾಡಬೇಕು, ಎತ್ತರದಿಂದ ಕಾಣುವುದಕ್ಕೆ ಅಲ್ಲ.

ಬರ್ಗನ್‌ನಿಂದ ವಾಸ್‌ವರೆಗೆ ರೈಲು, ಅಲ್ಲಿಂದ ಗುಡ್ವಾಂಗನ್‌ಗೆ ಬಸ್ಸು. ಈ ಭಾಗದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಸಂಪರ್ಕ ಸಲೀಸಾಗಿದೆ, ವೇಳೆ ತಪ್ಪಲಿಲ್ಲ.

ನ್ಯಾರೊಯ್ ಫ್ಯೋರ್ಡ್ ಸುಮಾರು 17 ಕಿ.ಮೀ. ಉದ್ದದ, ಅತಿ ಕಿರಿದಾದ ಕಡೆಯಲ್ಲಿ ಕೇವಲ 250 ಮೀಟರ್ ಅಗಲದ ನೀರಿನ ಓಣಿ. ಹಿಮನದಿಗಳು ಕೊರೆದ ಈ ಕಣಿವೆಗೆ ಆಮೇಲೆ ಸಮುದ್ರದ ನೀರು ತುಂಬಿಕೊಂಡಿತು. 2005ರಲ್ಲಿ ಗೈರಾಂಗರ್ ಫ್ಯೋರ್ಡ್‌ನೊಂದಿಗೆ ಇದನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಎರಡೂ ದಂಡೆಗಳಲ್ಲಿ ಬಂಡೆಗಳು ನೀರಿನಿಂದ ನೇರವಾಗಿ ಎದ್ದು ನಿಂತಿರುವುದರಿಂದ, ಮೋಡ ಇಳಿದಿದ್ದರೂ ನೋಡಬೇಕಾದದ್ದು ಕಣ್ಣೆದುರಿಗೇ ಇರುತ್ತದೆ. ಬಯಲಿನಂತಹ ವಿಶಾಲ ನೋಟವನ್ನು ಮೋಡ ನುಂಗಬಹುದು, ಆದರೆ ಕೂಗಳತೆಯಲ್ಲಿರುವ ಬಂಡೆಯ ಗೋಡೆಯನ್ನು ನುಂಗುವುದು ಕಷ್ಟ. ಶಿಖರಗಳು ನಮಗೆ ಒಮ್ಮೆಯೂ ಕಾಣಲಿಲ್ಲ ಎಂಬುದು ನಿಜ. ಅದಕ್ಕಾಗಿ ಕೊರಗಲು ಬಿಡುವೂ ಸಿಗಲಿಲ್ಲ.

ಕಾರಣ ಜಲಪಾತಗಳು. ಬಿಸಿಲಿನ ದಿನಗಳಲ್ಲಿ ಇಲ್ಲಿ ಹೆಸರುಳ್ಳ ಕೆಲವು ಧಾರೆಗಳಷ್ಟೇ ಕಣ್ಣಿಗೆ ಬೀಳುತ್ತವೆ. ಬಂಡೆಯ ಮೇಲೆ ಮಣ್ಣಿನ ಪದರ ತೆಳ್ಳಗಿರುವುದರಿಂದ ಬಿದ್ದ ಮಳೆ ಇಂಗಲು ಜಾಗವಿಲ್ಲದೆ ಕೂಡಲೇ ಕೆಳಗಿಳಿಯುತ್ತದೆ. ಹಾಗಾಗಿ ಗಟ್ಟಿ ಮಳೆಯಾದ ಕೆಲವೇ ಗಂಟೆಗಳಲ್ಲಿ ಪ್ರತಿಯೊಂದು ಬಿರುಕಿನಿಂದಲೂ ಬಿಳಿಯ ಎಳೆಗಳು ಇಳಿಬೀಳತೊಡಗುತ್ತವೆ. ಮೂಲ ಮೋಡದೊಳಗೆ ಅಡಗಿರುವ ಕಾರಣ ನೀರು ಆಕಾಶದಿಂದಲೇ ಸುರಿಯುತ್ತಿರುವಂತೆ ತೋರುತ್ತದೆ. ಮಗಳು ಅವುಗಳನ್ನು ಎಣಿಸಲು ಹೊರಟು, ಗುಡ್ವಾಂಗನ್ ಇನ್ನೂ ಹಿಂದೆ ಕಾಣುತ್ತಿರುವಾಗಲೇ ಲೆಕ್ಕ ತಪ್ಪಿಸಿಕೊಂಡು ಕೈಬಿಟ್ಟಳು. ಒಂದು ಕಡೆ ದೋಣಿ ದಂಡೆಗೆ ಬಹಳ ಸಮೀಪ ಹೋದಾಗ, ಮೇಲಿನಿಂದ ಇಳಿಯುತ್ತಿದ್ದ ತೆಳು ಧಾರೆಯೊಂದನ್ನು ಗಾಳಿ ಅರ್ಧದಲ್ಲೇ ಎತ್ತಿ ಹಿಂದಕ್ಕೆ ಮಡಚಿ, ಮತ್ತೆ ಬಂಡೆಗೆ ಬಡಿಯುತ್ತಿದ್ದುದನ್ನು ಇಡೀ ಡೆಕ್ಕಿನ ಜನ ಮಾತು ನಿಲ್ಲಿಸಿ ನೋಡಿದರು.

ಈ ಮಾರ್ಗದಲ್ಲಿ ಈಗ ವಿದ್ಯುತ್ ಬ್ಯಾಟರಿಯಿಂದ ನಡೆಯುವ ದೋಣಿಗಳಿವೆ. ಅದರ ಲಾಭ ಪರಿಸರಕ್ಕೆ ಮಾತ್ರ ಎಂದು ನಾನು ಭಾವಿಸಿದ್ದೆ. ವಾಸ್ತವವಾಗಿ ಮೊದಲು ಲಾಭವಾಗುವುದು ಕಿವಿಗೆ. ಡೀಸೆಲ್ ಯಂತ್ರದ ಗಡಗಡ ಸದ್ದಾಗಲಿ ಹೊಗೆಯ ವಾಸನೆಯಾಗಲಿ ಇಲ್ಲದಿರುವುದರಿಂದ, ಎರಡೂ ಕಡೆಯ ನೀರಿನ ಬೇರೆಬೇರೆ ಸದ್ದುಗಳು ಸ್ಪಷ್ಟವಾಗಿ ಕೇಳಿಸುತ್ತವೆ. ವಿಶ್ವ ಪರಂಪರೆಯ ಫ್ಯೋರ್ಡ್‌ಗಳಲ್ಲಿ 10,000 ಟನ್‌ಗಿಂತ ಕಡಿಮೆ ಪ್ರಮಾಣದ ಪ್ರಯಾಣಿಕ ಹಡಗುಗಳು 2026ರ ಆರಂಭದಿಂದ ಶೂನ್ಯ ಹೊರಸೂಸುವಿಕೆಯವಾಗಿರಬೇಕು ಎಂಬ ನಿಯಮವನ್ನು ನಾರ್ವೆ ತಂದಿದೆ. ದೊಡ್ಡ ಹಡಗುಗಳಿಗೆ 2032ರವರೆಗೆ ಅವಕಾಶ ಕೊಟ್ಟಿದೆ. ದೊಡ್ಡವರಿಗೆ ಹೆಚ್ಚು ಗಡುವು ಸಿಗುವುದು ಎಲ್ಲ ದೇಶಗಳಲ್ಲೂ ಇರುವ ಪದ್ಧತಿಯೆಂದು ಕಾಣುತ್ತದೆ.

ನಾವು ಹತ್ತಿದ ದೋಣಿಯ ಒಳಾಂಗಣ ಬೆಚ್ಚಗಿತ್ತು, ಶೌಚಾಲಯಗಳು ಶುಚಿಯಾಗಿದ್ದವು. ಅತ್ತೆಯವರು ದೊಡ್ಡ ಗಾಜಿನ ಕಿಟಕಿಯ ಪಕ್ಕದಲ್ಲಿ ಕುಳಿತೇ ಬಹುಪಾಲು ನೋಡಿದರು. ಆದರೆ ಒದ್ದೆ ಬಟ್ಟೆಯ ಜನರೆಲ್ಲ ಒಳಗೆ ಬಂದಾಗ ಗಾಜಿನ ಮೇಲೆ ಹಬೆ ಕಟ್ಟುತ್ತದೆ, ಕರವಸ್ತ್ರದಿಂದ ಮತ್ತೆ ಮತ್ತೆ ಒರೆಸಿಕೊಳ್ಳಬೇಕಾಗುತ್ತದೆ. ಧ್ವನಿವರ್ಧಕದ ವಿವರಣೆ ಹಲವು ಭಾಷೆಗಳಲ್ಲಿ ಒಂದರ ಹಿಂದೊಂದು ಬರುತ್ತಿದ್ದುದರಿಂದ, ನಮಗೆ ತಿಳಿಯುವ ಭಾಷೆಯ ಸರದಿ ಬರುವಷ್ಟರಲ್ಲಿ ಹೇಳಿದ ಊರು ಹಿಂದೆ ಸರಿದಿರುತ್ತಿತ್ತು. ಹಾಗಾಗಿ ದಂಡೆಯ ಊರುಗಳ ಬಗ್ಗೆ ಮೊದಲೇ ಸ್ವಲ್ಪ ಓದಿಕೊಂಡು ಹೋಗುವುದು ಒಳ್ಳೆಯದು. ಉದಾಹರಣೆಗೆ, ಬಿಳಿಯ ಚರ್ಚಿರುವ ಬಕ್ಕಾ ದಾಟಿ, ಫ್ಯೋರ್ಡ್ ಅಗಲವಾಗಿ ಔರ್ಲ್ಯಾಂಡ್ ಫ್ಯೋರ್ಡಿಗೆ ತಿರುಗಿದ ಮೇಲೆ ಸಿಗುವ ಉಂಡ್ರೆಡಾಲ್ ಎಂಬ ಪುಟ್ಟ ಹಳ್ಳಿಗೆ 1988ರವರೆಗೆ ರಸ್ತೆಯೇ ಇರಲಿಲ್ಲ. ಎಲ್ಲದಕ್ಕೂ ದೋಣಿಯೇ ಗತಿಯಾಗಿತ್ತು. ಅಲ್ಲಿ ಜನರಿಗಿಂತ ಮೇಕೆಗಳೇ ಹೆಚ್ಚು, ಮೇಕೆ ಹಾಲಿನ ಚೀಸ್‌ಗೆ ಊರು ಹೆಸರಾಗಿದೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬಾರದು. ಮಕ್ಕಳಿಗೆ ವಾಫಲ್ ಜೊತೆ ಜ್ಯಾಮ್ ಮತ್ತು ಕಂದು ಚೀಸ್ ಸಿಕ್ಕಿತು. ಹಾಲೊಡಕನ್ನು ಬತ್ತಿಸಿ ಮಾಡುವ ಈ ಚೀಸ್ ಸಿಹಿಯಾಗಿರುತ್ತದೆ, ಮಗನಿಗೆ ಬಹಳ ಹಿಡಿಸಿತು, ಅತ್ತೆಯವರು ಒಂದು ಚೂರು ಬಾಯಿಗಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನಾರ್ವೆಯಲ್ಲಿ ಕಾಫಿಗೂ ಕೈ ತುಂಬ ಕ್ರೋನರ್ ತೆರಬೇಕಾದ್ದರಿಂದ, ಫ್ಲಾಸ್ಕ್ ಮತ್ತು ಬುತ್ತಿ ಒಯ್ಯುವುದು ಜಾಣತನ. ಬಟ್ಟೆಯ ಬಗ್ಗೆ ಒಂದೇ ಮಾತು: ಇಕ್ಕಟ್ಟಾದ ಕಣಿವೆಯಲ್ಲಿ ಗಾಳಿ ನುಗ್ಗುವ ರಭಸಕ್ಕೆ ಕೊಡೆ ನಿಲ್ಲುವುದಿಲ್ಲ, ಟೋಪಿಯಿರುವ ಮಳೆಯಂಗಿ ಮತ್ತು ನೀರು ಹಿಡಿಯದ ಪ್ಯಾಂಟ್ ಇಲ್ಲದಿದ್ದರೆ ಡೆಕ್ಕಿನ ಮೇಲೆ ಹೆಚ್ಚು ಹೊತ್ತು ನಿಲ್ಲಲಾಗದು.

ಸುಮಾರು ಎರಡು ಗಂಟೆಯ ಯಾನ ಮುಗಿಸಿ ಫ್ಲೋಮ್‌ನಲ್ಲಿ ಇಳಿದ ಮೇಲೆ, ಸ್ಟೇಗಸ್ಟೈನ್ ವೀಕ್ಷಣಾ ಕಟ್ಟೆಗೆ ಹೋಗುವ ಬಸ್ಸನ್ನು ಹತ್ತಿದೆವು. 2006ರಲ್ಲಿ ತೆರೆದ ಈ ಕಟ್ಟೆ ಫ್ಯೋರ್ಡ್‌ನಿಂದ 650 ಮೀಟರ್ ಎತ್ತರದಲ್ಲಿ, ಬೆಟ್ಟದಿಂದ 30 ಮೀಟರ್ ಹೊರಕ್ಕೆ ಚಾಚಿಕೊಂಡಿದ್ದು, ತುದಿಯಲ್ಲಿ ಗಾಜಿನ ತಡೆ ಮಾತ್ರ ಇದೆ. ನಿರ್ಮಾಣ ಮೆಚ್ಚುವಂಥದ್ದೇ, ಆದರೆ ಗಾಜಿನಾಚೆ ನಮಗೆ ಕಂಡದ್ದು ಬರೀ ಬೆಳ್ಳನೆಯ ಮಂಜು. ಟಿಕೆಟ್ ಮಾರಿದವರು ಮೇಲೆ ಮೋಡ ಕವಿದಿರುವುದನ್ನು ಹೇಳಬಹುದಿತ್ತು, ಹೇಳಲಿಲ್ಲ. ಹಣ ಹಿಂದಿರುಗಿಸುವ ವ್ಯವಸ್ಥೆಯೂ ಇರಲಿಲ್ಲ. ದೋಣಿಯಿಂದ ಬೆಟ್ಟಗಳ ಅರ್ಧ ಎತ್ತರವೂ ಕಾಣದಿದ್ದ ದಿನ ಈ ಟಿಕೆಟ್ ಕೊಳ್ಳಬೇಡಿ. ಬದಲಿಗೆ ಬಂದರಿನ ಪಕ್ಕದಲ್ಲೇ ಇರುವ, ಪ್ರವೇಶ ಶುಲ್ಕವಿಲ್ಲದ ರೈಲು ವಸ್ತುಸಂಗ್ರಹಾಲಯದಲ್ಲಿ ಮಕ್ಕಳೊಂದಿಗೆ ಹಾಯಾಗಿ ಹೊತ್ತು ಕಳೆಯಬಹುದು.

ಹಿಂದಿರುಗಲು ಫ್ಲೋಮ್‌ನಿಂದ ಮ್ಯೂರ್ಡಾಲ್‌ಗೆ ಏರುವ ರೈಲು ಹಿಡಿಯುವುದಾದರೆ, ಅದು ಮಳೆಯ ದಿನಕ್ಕೂ ಹೊಂದುತ್ತದೆ. 20 ಕಿ.ಮೀ. ದಾರಿಯಲ್ಲಿ 20 ಸುರಂಗಗಳಿದ್ದು, ರೈಲು ಸುಮಾರು ಒಂದು ಗಂಟೆಯಲ್ಲಿ 860 ಮೀಟರ್‌ಗೂ ಹೆಚ್ಚು ಏರುತ್ತದೆ. ಮಧ್ಯದಲ್ಲಿ ಷೋಸ್‌ಫಾಸನ್ ಜಲಪಾತದ ಎದುರು ಕೆಲವು ನಿಮಿಷ ನಿಲ್ಲಿಸಿ ಪ್ರಯಾಣಿಕರನ್ನು ಇಳಿಯಗೊಡುತ್ತಾರೆ. ಮಳೆಯಿಂದ ಮೈದುಂಬಿದ್ದ ನೀರು ಅಲ್ಲಿ ಪ್ಲಾಟ್‌ಫಾರ್ಮಿನವರೆಗೂ ಸಿಡಿಯುತ್ತಿತ್ತು, ಹಲಗೆಗಳು ಜಾರುತ್ತಿದ್ದವು. ಚಿಕ್ಕ ಮಕ್ಕಳ ಕೈ ಬಿಡಬೇಡಿ, ಮಳೆಯಂಗಿಯನ್ನು ಬೋಗಿಯಲ್ಲಿ ಬಿಚ್ಚಿಡದೆ ತೊಟ್ಟೇ ಕುಳಿತಿರಿ. ಬಾಗಿಲು ತೆರೆದ ಮೇಲೆ ಅದನ್ನು ಹುಡುಕಲು ಹೊರಟರೆ ನಿಲುಗಡೆಯ ಅರ್ಧ ಹೊತ್ತು ಅದರಲ್ಲೇ ಕಳೆದುಹೋಗುತ್ತದೆ.