ಕ್ಲಿಕ್ ಜೊತೆ ಏಳು ವರ್ಷ: ನನ್ನ ಕಮಾಂಡ್ ಲೈನ್ ಟೂಲ್ ಬೆಳೆದ ಕತೆ

2018ರಲ್ಲಿ ಒಂದು ಸಣ್ಣ ಪ್ರೆಸ್ಸಿನ ಕೆಲಸಕ್ಕೆ ಅಂತ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಒಂದನ್ನು ಬರೆದೆ. ಹಳೆಯ ನುಡಿ ತಂತ್ರಾಂಶದ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸೋದು, ಅಷ್ಟೇ. ಆಮೇಲೆ ಒಂದೊಂದೇ ಬೇಡಿಕೆ ಶುರುವಾಯಿತು. ಬದಲಿಸಿದ ಮೇಲೆ ಒತ್ತಕ್ಷರ ಸರಿ ಇದೆಯಾ ನೋಡಬೇಕು, ಇಡೀ ಫೋಲ್ಡರ್ ಒಟ್ಟಿಗೆ ಆಗಬೇಕು, ಒಬ್ಬ ಪ್ರಕಾಶಕರಿಗೆ ‘ಸೂರ್ಯ’ ಅಂತ ಬೇಕು, ಇನ್ನೊಬ್ಬರಿಗೆ ‘ಸೂರ‍್ಯ’ ಅಂತಲೇ ಬೇಕು. ಆರು ತಿಂಗಳಲ್ಲಿ ಆ ಫೈಲ್ ಮುಟ್ಟೋಕೇ ಭಯವಾಗುವಷ್ಟು ಬೆಳೆದಿತ್ತು. ಆಗ ಕ್ಲಿಕ್ ಅನ್ನೋ ಪೈಥಾನ್ ಲೈಬ್ರರಿ ಹಿಡಿದೆ (ಟೈಪ್ ಮಾಡಿ ನಡೆಸುವ ಕಮಾಂಡ್ ಲೈನ್ ಟೂಲ್‌ಗಳನ್ನು ಕಟ್ಟೋಕೆ ಇರೋದು), ಇವತ್ತಿಗೂ ಬಿಟ್ಟಿಲ್ಲ.

ಕ್ಲಿಕ್ 2014ರಿಂದ ಇದೆ. ಫ್ಲಾಸ್ಕ್ ಅನ್ನೋ ವೆಬ್ ಫ್ರೇಮ್‌ವರ್ಕ್ ಬರೆದ ಆರ್ಮಿನ್ ರೊನಾಕರ್ ಅವರೇ ಇದನ್ನೂ ಶುರು ಮಾಡಿದ್ದು. ಇದೇ ಕೆಲಸಕ್ಕೆ ಪೈಥಾನ್ ಜೊತೆಗೇ ಬರುವ ಆರ್ಗ್‌ಪಾರ್ಸ್ ಕೆಟ್ಟದ್ದೇನಲ್ಲ, ಅದರಲ್ಲೂ ಸಬ್‌ಕಮಾಂಡ್ (ಒಂದೇ ಟೂಲ್ ಒಳಗಿನ ಬೇರೆ ಬೇರೆ ಕಮಾಂಡ್) ಮಾಡಬಹುದು. ಆದರೆ ಅಲ್ಲಿ ಆಪ್ಷನ್‌ಗಳ ವಿವರ ಒಂದು ಕಡೆ, ಕೆಲಸ ಮಾಡುವ ಕೋಡ್ ಇನ್ನೊಂದು ಕಡೆ ಉಳಿದುಬಿಡುತ್ತದೆ. ಕ್ಲಿಕ್‌ನಲ್ಲಿ ಫಂಕ್ಷನ್ ತಲೆಯ ಮೇಲೇ ಆ ವಿವರ ಹೇಳುವ ಸಾಲು, ಅಂದರೆ ಡೆಕೊರೇಟರ್, ಕೂತಿರುತ್ತದೆ. ಮೂರು ವರ್ಷ ಬಿಟ್ಟು ಫೈಲ್ ತೆರೆದರೂ ‘ಬದಲಿಸು’ ಅನ್ನೋ ಕಮಾಂಡ್ ಏನೇನು ಕೇಳುತ್ತದೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ. ನನಗೆ ಇದೇ ದೊಡ್ಡದು.

ಆದರೆ ನಾನು ನಿಜವಾಗಿ ಹೇಳಬೇಕು ಅಂತ ಕೂತಿದ್ದು ಕಾನ್ಫಿಗ್, ಅಂದರೆ ಸೆಟ್ಟಿಂಗ್‌ಗಳ ಬಗ್ಗೆ. ಟ್ಯುಟೋರಿಯಲ್‌ಗಳಲ್ಲಿ ಎಲ್ಲರೂ ಕಮಾಂಡ್, ಅವುಗಳನ್ನು ಒಟ್ಟು ಸೇರಿಸುವ ಗ್ರೂಪ್ ತೋರಿಸಿ ನಿಲ್ಲಿಸುತ್ತಾರೆ. ಟೂಲ್ ಬೇರೆಯವರ ಕೈಗೆ ಹೋದ ದಿನದಿಂದ ತೊಂದರೆ ಬರುವುದು ಸೆಟ್ಟಿಂಗ್‌ಗಳಿಂದ. ಕ್ಲಿಕ್ ತಾನಾಗಿ ಸೆಟ್ಟಿಂಗ್ ಫೈಲ್ ಓದಿಕೊಡುವುದಿಲ್ಲ, ಅದು ನಮ್ಮ ಕೆಲಸ. ನಾನು ಟಾಮಲ್ ಫೈಲ್ (ಸೆಟ್ಟಿಂಗ್ ಬರೆದಿಡುವ ಸರಳ ಪಠ್ಯ ಫೈಲ್) ಇಟ್ಟಿದ್ದೇನೆ, ಪೈಥಾನ್ 3.11ರಿಂದ ಅದನ್ನು ಓದುವ ಮಾಡ್ಯೂಲ್ ಪೈಥಾನ್‌ನಲ್ಲೇ ಇದೆ. ಓದಿದ್ದನ್ನು ಮುಖ್ಯ ಗ್ರೂಪಿನ ಫಂಕ್ಷನ್ ಒಳಗೆ ಕಾಂಟೆಕ್ಸ್ಟ್‌ನ (ಕಮಾಂಡ್ ನಡೆಯುವಾಗ ಅದರ ಮಾಹಿತಿ ಹೊತ್ತಿರುವ ಆಬ್ಜೆಕ್ಟ್) ‘ಡಿಫಾಲ್ಟ್ ಮ್ಯಾಪ್’ಗೆ ಹಾಕಿದರೆ ಸಾಕು, ಪ್ರತಿ ಸಬ್‌ಕಮಾಂಡೂ ತನ್ನ ಹೆಸರಿನ ಭಾಗವನ್ನು ತಾನೇ ಎತ್ತಿಕೊಳ್ಳುತ್ತದೆ. ಆ ಫೈಲ್ ಎಲ್ಲಿರಬೇಕು ಅನ್ನೋದಕ್ಕೆ ಕ್ಲಿಕ್‌ನಲ್ಲೇ ‘ಗೆಟ್ ಆಪ್ ಡಿರ್’ ಅನ್ನೋ ಫಂಕ್ಷನ್ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸರಿಯಾದ ಜಾಗ ಹೇಳುತ್ತದೆ.

ಒಂದು ಸೆಟ್ಟಿಂಗ್‌ನ ಮೌಲ್ಯವನ್ನು ಕ್ಲಿಕ್ ಹುಡುಕುವ ಕ್ರಮ ಹೀಗಿದೆ: ಮೊದಲು ಕಮಾಂಡ್ ಲೈನ್‌ನಲ್ಲಿ ಟೈಪ್ ಮಾಡಿದ್ದು, ಆಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್ (ಟೂಲ್‌ನ ಹೊರಗೆ, ಸಿಸ್ಟಮ್‌ನಲ್ಲಿ ಹೆಸರು ಕೊಟ್ಟು ಇಟ್ಟ ಮೌಲ್ಯ), ಆಮೇಲೆ ನಮ್ಮ ಫೈಲ್, ಕೊನೆಗೆ ಕೋಡ್‌ನಲ್ಲಿ ಬರೆದ ಡಿಫಾಲ್ಟ್. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಒಮ್ಮೆ ಫೈಲ್‌ನಲ್ಲಿ ಅರ್ಕಾವೊತ್ತಿನ ಸೆಟ್ಟಿಂಗ್ ಬದಲಿಸಿ ಎರಡು ದಿನ ಒದ್ದಾಡಿದೆ, ಏನು ಮಾಡಿದರೂ ‘ಸೂರ್ಯ’ ಅಂತಲೇ ಬರುತ್ತಿತ್ತು. ಕೊನೆಗೆ ನೋಡಿದರೆ ಯಾವಾಗಲೋ ಪರೀಕ್ಷೆಗೆ ಅಂತ ನಾನೇ ಬ್ಯಾಶ್ ಫೈಲ್‌ನಲ್ಲಿ (ಟರ್ಮಿನಲ್ ತೆರೆದಾಗ ಓಡುವ ಫೈಲ್) ಅಂಥ ಒಂದು ವೇರಿಯಬಲ್ ಹಾಕಿದ್ದೆ, ಅದು ಅಲ್ಲೇ ಉಳಿದಿತ್ತು. ಕ್ಲಿಕ್ ತನ್ನ ಕ್ರಮದಂತೆ ಸರಿಯಾಗಿಯೇ ನಡೆದುಕೊಂಡಿತ್ತು. ಅವತ್ತೇ ‘ಸೆಟ್ಟಿಂಗ್’ ಅಂತ ಒಂದು ಸಬ್‌ಕಮಾಂಡ್ ಬರೆದೆ. ಪ್ರತಿ ಮೌಲ್ಯವನ್ನೂ ಅದು ಎಲ್ಲಿಂದ ಬಂತು ಅನ್ನುವುದರ ಸಮೇತ ತೋರಿಸುತ್ತದೆ. ಕ್ಲಿಕ್‌ನ 2021ರ 8.0 ಆವೃತ್ತಿಯಲ್ಲಿ ಬಂದ ‘ಗೆಟ್ ಪ್ಯಾರಾಮೀಟರ್ ಸೋರ್ಸ್’ನಿಂದ ಇದು ಸುಲಭವಾಯಿತು. ಇನ್ನೊಂದು ಮಾತು. ಫೈಲ್‌ನಲ್ಲಿ ಸೆಟ್ಟಿಂಗ್ ಹೆಸರಿನ ಕಾಗುಣಿತ ತಪ್ಪಿದರೆ ಕ್ಲಿಕ್ ತುಟಿಪಿಟಕ್ಕೆನ್ನುವುದಿಲ್ಲ, ಸುಮ್ನೆ ಡಿಫಾಲ್ಟ್ ತೆಗೆದುಕೊಂಡು ಮುಂದೆ ಹೋಗುತ್ತದೆ. ಗೊತ್ತಿಲ್ಲದ ಹೆಸರು ಕಂಡರೆ ಎಚ್ಚರಿಸುವ ನಾಲ್ಕು ಸಾಲು ನೀವೇ ಬರೆದುಕೊಳ್ಳಿ.

ವಿಸ್ತರಣೆ ವಿಷಯಕ್ಕೆ ಬಂದರೆ ನನಗೆ ಪೂರ್ತಿ ತೃಪ್ತಿ ಇದೆ. ಶಿವಮೊಗ್ಗದ ಗೆಳೆಯನಿಗೆ ಬರಹ ತಂತ್ರಾಂಶದ ಫೈಲ್‌ಗಳೂ ಬೇಕಿದ್ದವು. ಅವನು ನನ್ನ ಕೋಡ್ ಮುಟ್ಟಲೇ ಇಲ್ಲ. ತನ್ನದೇ ಪ್ಯಾಕೇಜ್ ಮಾಡಿ, ಅದರಲ್ಲಿ ಎಂಟ್ರಿ ಪಾಯಿಂಟ್ (ಕಮಾಂಡ್ ಎಲ್ಲಿದೆ ಅಂತ ಹೇಳುವ ಗುರುತು) ಒಂದನ್ನು ಬರೆದ. ನನ್ನ ಕಡೆ ಗ್ರೂಪ್ ಕ್ಲಾಸಿನ ‘ಲಿಸ್ಟ್ ಕಮಾಂಡ್ಸ್’ ಮತ್ತು ‘ಗೆಟ್ ಕಮಾಂಡ್’ ಎರಡನ್ನು ಬದಲಿಸಿ, ಅಂಥ ಎಂಟ್ರಿ ಪಾಯಿಂಟ್‌ಗಳನ್ನು ಹುಡುಕುವಂತೆ ಮಾಡಿದ್ದೆ, ಎಲ್ಲಾ ಸೇರಿ ಇಪ್ಪತ್ತು ಸಾಲು. ಅವನು ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ತನ್ನ ಪ್ಯಾಕೇಜ್ ಹಾಕಿಕೊಂಡು ಹೆಲ್ಪ್ ಕೇಳಿದಾಗ ‘ಬರಹ’ ಅನ್ನೋ ಕಮಾಂಡ್ ಉಳಿದವುಗಳ ಜೊತೆ ತಾನಾಗೇ ಬಂದು ನಿಂತಿತ್ತು. ಆ ಖುಷಿ ಇನ್ನೂ ನೆನಪಿದೆ. ಒಂದು ಎಚ್ಚರ ಬೇಕು: ಹೀಗೆ ಹೊರಗಿಂದ ಸೇರಿದ ಒಂದು ಪ್ಲಗಿನ್ ಕೆಟ್ಟರೆ ಇಡೀ ಟೂಲ್ ಬೀಳಬಾರದು, ಲೋಡ್ ಮಾಡುವ ಜಾಗದಲ್ಲೇ ತಪ್ಪನ್ನು ಹಿಡಿದು, ಯಾವ ಪ್ಲಗಿನ್ ಅಂತ ಹೆಸರು ಹೇಳಿಬಿಡಿ. ಭಾರದ ಲೈಬ್ರರಿಗಳನ್ನು ಫೈಲ್ ಮೇಲೆ ಇಂಪೋರ್ಟ್ ಮಾಡಬೇಡಿ, ಆಯಾ ಕಮಾಂಡ್ ಒಳಗೆ ಮಾಡಿ. ನನ್ನದರಲ್ಲಿ ಬರೀ ಹೆಲ್ಪ್ ತೋರಿಸೋಕೆ ಎರಡು ಸೆಕೆಂಡ್ ಹಿಡಿಯುತ್ತಿತ್ತು, ಒಳಗೆ ಸರಿಸಿದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ.

ಕಮಾಂಡ್‌ಗೆ ಹೆಸರನ್ನು ನೀವೇ ಬರೆದುಕೊಡಿ, ಫಂಕ್ಷನ್ ಹೆಸರಿನಿಂದ ಬರಲಿ ಅಂತ ಬಿಡಬೇಡಿ. ಕ್ಲಿಕ್ 7.0 ಆವೃತ್ತಿಯಿಂದ ಫಂಕ್ಷನ್ ಹೆಸರಿನ ಅಂಡರ್‌ಸ್ಕೋರ್ ಕಮಾಂಡ್‌ನಲ್ಲಿ ಹೈಫನ್ ಆಗುತ್ತದೆ.

ಕನ್ನಡದ ವಿಷಯ ಕೇಳ್ತೀರಾ? ಹೆಲ್ಪ್ ಪಠ್ಯ ಕನ್ನಡದಲ್ಲೇ ಬರೆದಿದ್ದೇನೆ, ಚೆನ್ನಾಗಿ ಬರುತ್ತದೆ. ಕಮಾಂಡ್ ಹೆಸರನ್ನೂ ಕನ್ನಡದಲ್ಲಿ ಕೊಡಬಹುದು, ಕೊಟ್ಟು ನೋಡಿದೆ. ಆದರೆ ಕಾಲಂ ಜೋಡಿಸುವಾಗ ಕ್ಲಿಕ್ ಯೂನಿಕೋಡ್ ಬಿಡಿ ಚಿಹ್ನೆಗಳನ್ನು ಎಣಿಸುತ್ತದೆ. ‘ಪಟ್ಟಿ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಅದಕ್ಕೆ ಐದು: ಪ, ಟ, ಹಲಂತ, ಇನ್ನೊಂದು ಟ, ಗುಡಿಸು. ಹಾಗಾಗಿ ಪಕ್ಕದ ವಿವರಣೆ ಸಾಲು ತಪ್ಪಿ ನಿಲ್ಲುತ್ತದೆ, ಉದ್ದ ಸಾಲುಗಳೂ ಬೇಕಾದ್ದಕ್ಕಿಂತ ಬೇಗ ಮುರಿಯುತ್ತವೆ. ಟೈಪ್ ಮಾಡುವಾಗ ಪ್ರತಿ ಸಲ ಕೀಬೋರ್ಡ್ ಬದಲಿಸುವ ಕಷ್ಟ ಬೇರೆ. ಈಗ ಕಮಾಂಡ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿಟ್ಟು, ವಿವರಣೆ, ತಪ್ಪಿನ ಸಂದೇಶ ಎಲ್ಲಾ ಕನ್ನಡದಲ್ಲಿಟ್ಟಿದ್ದೇನೆ. ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವವರಿಗೆ ಇದೇ ಜಾಸ್ತಿ ಹಿಡಿಸಿದ್ದು.

ಹೊಸದಾಗಿ ಶುರು ಮಾಡುವವರು ಕ್ಲಿಕ್ 8.2 ಹಾಕಿಕೊಳ್ಳಿ, ಅದಕ್ಕೆ ಪೈಥಾನ್ 3.10 ಅಥವಾ ಮೇಲಿನದು ಬೇಕು. ಪ್ರೆಸ್ಸಿನ ಹಳೆಯ ಕಂಪ್ಯೂಟರಿನಲ್ಲಿ ಇನ್ನೂ ಪೈಥಾನ್ 3.8 ಇದೆ, ಅಲ್ಲಿ ಕ್ಲಿಕ್ 8.1ರಲ್ಲೇ ನಿಲ್ಲಿಸಿದ್ದೇನೆ, ಟಾಮಲ್ ಓದೋಕೆ ಮಾತ್ರ ಬೇರೆ ಪ್ಯಾಕೇಜ್ ಹಾಕಿಕೊಟ್ಟಿದ್ದೇನೆ.